ಮಸುಕಿನ ಮರ್ಯಾದೆ

ಶ್ರೀಮಂಗಲದ ಮಳೆಗಾಲದ ಬೆಳಗನ್ನು ಕಂಡವರಿಗೆ ಮಸುಕೆಂದರೆ ಏನೆಂಬುದನ್ನು ಬೇರೆಯಾಗಿ ಹೇಳಿಕೊಡಬೇಕಾದುದಿಲ್ಲ. ಬ್ರಹ್ಮಗಿರಿಯ ಸಾಲು ಮಂಜಿನೊಳಗೆ ಮುಳುಗುವುದು. ಇರ್ಪುವಿನ ಕಡೆಯ ಕಾಡು ಬೂದಿಯ ಬಣ್ಣಕ್ಕೆ ತಿರುಗುವುದು. ಕಾಫಿ ತೋಟದ ಸಿಲ್ವರ್ ಮರಗಳು ಬರಿಯ ಗೆರೆಗಳಾಗಿ ಉಳಿಯುವುವು. ಆದರೂ ಬೆಟ್ಟವು ಬೆಟ್ಟವೆಂದೂ ಮರವು ಮರವೆಂದೂ ಕಣ್ಣಿಗೆ ತಿಳಿಯುತ್ತಲೇ ಇರುವುದು. ಮಂಜು ಮುಚ್ಚುವುದೇನೋ ನಿಜ. ಆದರೆ ತಾನು ಮುಚ್ಚಿದುದು ಏನನ್ನು ಎಂಬುದನ್ನು ಹೇಳಿಯೇ ಮುಚ್ಚುವುದು. ಮರ್ಯಾದೆಯೆಂಬ ಮಾತಿಗೆ ಗೌರವವೆಂಬುದು ಬಳಕೆಯ ಅರ್ಥ. ಎಲ್ಲೆಯೆಂಬುದು ಅದಕ್ಕಿಂತ ಮೊದಲಿನ ಅರ್ಥ. ಪ್ರಕೃತಿಯ ಮಸುಕಿಗೆ ಈ ಎರಡು ಬಗೆಯ ಮರ್ಯಾದೆಯೂ ಉಂಟು. ಈಚಿನ ಛಾಯಾಚಿತ್ರಗಳ ಮಸುಕಿಗೆ ಎರಡೂ ತಪ್ಪಿಹೋಗುತ್ತಿವೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಈ ಸೀಮೆಯ ಯಾವ ಮನೆಯಲ್ಲಾದರೂ ಈಚಿನ ವರ್ಷಗಳ ಮದುವೆಯ ಆಲ್ಬಮ್ಮನ್ನು ತೆರೆದು ನೋಡಬಹುದು. ವಧುವಿನ ಒಂದೊಂದು ರೆಪ್ಪೆಗೂದಲೂ ಎಣಿಸುವಷ್ಟು ಸ್ಪಷ್ಟವಾಗಿರುವುದು. ಕೊರಳಿನ ಜೋಮಾಲೆಯ ಮಣಿಮಣಿಯೂ ಹೊಳೆಯುವುದು. ಆಕೆಯ ಹಿಂದುಗಡೆ ಬಂಗಾರದ ಬಣ್ಣದ ಗುಂಡುಗುಂಡಾದ ಕಲೆಗಳು. ಅವುಗಳ ನಡುವೆ ಕಪ್ಪಾದ ಕೆಲವು ಉದ್ದನೆಯ ಆಕೃತಿಗಳು, ಸೊಂಟದ ಬಳಿ ಕೆಂಪಿನ ಸೋಂಕು. ಕುಪ್ಯ ಮತ್ತು ಚೇಲೆಯನ್ನು ಬಲ್ಲವರು ಅವು ಮನುಷ್ಯರೆಂದು ಊಹಿಸಬಲ್ಲರು. ಯಾವ ಮನುಷ್ಯರೆಂದು ಊಹಿಸಲಾರರು. ಯಾರೆಂದು ಮನೆಯ ಅಜ್ಜಿಯನ್ನು ಕೇಳಿದರೆ, ಅವರು ಪುಟವನ್ನು ಬೆಳಕಿಗೆ ಹಿಡಿದು, ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಳ್ಳುವರು. ತಪ್ಪು ಕನ್ನಡಕದ್ದಲ್ಲ. ಆ ಆಕೃತಿಗಳಲ್ಲಿ ಒಂದು ಅವರ ಅಣ್ಣನದು. ಮದುವೆಯ ಮಾರನೆಯ ವರ್ಷವೇ ಕಾಲವಾದವರದು. ಅವರ ಕಡೆಯ ಚಿತ್ರವಾಗಬೇಕಾಗಿದ್ದುದು ಒಂದು ಕಪ್ಪು ಕಲೆಯಾಗಿ ಉಳಿದಿದೆ. ಇಂಥ ಆಲ್ಬಮ್ಮುಗಳು ಒಂದೆರಡಲ್ಲ.

ಇದನ್ನು ಸಣ್ಣ ಸಂಗತಿಯೆಂದು ತಳ್ಳಿಬಿಡುವವರು ಕೊಡವರ ಮದುವೆಯ ಸ್ವರೂಪವನ್ನು ನೆನೆಯಬೇಕು. ಆ ಸಂಪ್ರದಾಯದಲ್ಲಿ ಪುರೋಹಿತರಿಲ್ಲ. ಮುಕ್ಕಾಲಿಯ ಮೇಲೆ ಕುಳಿತವರಿಗೆ ಅಕ್ಕಿಯನ್ನು ಹಾಕಿ, ಕಿಂಡಿಯಿಂದ ಹಾಲು ಕುಡಿಸಿ, ಕಾಣಿಕೆಯಿತ್ತು ಹರಸತಕ್ಕವರು ಒಕ್ಕದ ಹಿರಿಯರೂ ನಂಟರೂ. ಸಂಬಂಧದ ಮಾತನ್ನಾಡಿ ಹರಳುಗಳನ್ನು ಕೈಗಿಡತಕ್ಕವರು ಉಭಯಪಕ್ಷದ ಅರುವರು. ಎಲ್ಲಕ್ಕೂ ಸಾಕ್ಷಿಯಾಗಿ ಉರಿಯತಕ್ಕುದು ದೀಪ. ಐನ್‌ಮನೆಯ ನಡುಬಾಡೆಯಲ್ಲಿ ತೂಗುವ ತೂಕುಬೊಳಕು ಅಲಂಕಾರದ ವಸ್ತುವಲ್ಲ. ಅದು ಒಕ್ಕದ ಹೃದಯ. ಹೀಗಿರುವಲ್ಲಿ ಹಿರಿಯರನ್ನೂ ದೀಪವನ್ನೂ ಹಿನ್ನೆಲೆಯೆಂದು ಕರೆಯುವುದೇ ತಪ್ಪು. ಅವರು ಹಿಂದೆ ನಿಂತಿರಬಹುದು. ಆದರೆ ಕರ್ಮಕ್ಕೆ ಕರ್ತೃಗಳು ಅವರೇ. ಅವರನ್ನು ಕಲೆಗಳನ್ನಾಗಿ ಮಾಡಿದ ಚಿತ್ರದಲ್ಲಿ ಉಡುಗೆಯುಂಟು, ಒಡವೆಯುಂಟು. ಮದುವೆ ಮಾತ್ರ ಇಲ್ಲ.

ಈ ಮಾತನ್ನೆತ್ತಿದೊಡನೆ ಮೂರು ಪಕ್ಷದವರು ಎದ್ದುನಿಲ್ಲುವರು. ಮೊದಲನೆಯವರು, "ಮಸುಕು ಮಸುಕೇ, ಅದರಲ್ಲಿ ಒಳ್ಳೆಯದು ಕೆಟ್ಟದ್ದು ಎಂಬುದೇನು?" ಎಂದು ಕೇಳುವರು. ಎರಡನೆಯವರು, "ಮಸುಕು ಹೆಚ್ಚಾದಷ್ಟೂ ಚಿತ್ರ ಉತ್ತಮ, ಅದಕ್ಕಾಗಿಯೇ ಹೆಚ್ಚಿನ ಬೆಲೆ ಕೊಟ್ಟು ಲೆನ್ಸು ಕೊಳ್ಳುವುದು" ಎನ್ನುವರು. ಮೂರನೆಯವರು ಜೇಬಿನಿಂದ ಮೊಬೈಲನ್ನು ತೆಗೆದು, "ಲೆನ್ಸೇಕೆ? ಇದು ಲೆಕ್ಕ ಹಾಕಿಯೇ ಮಸುಕು ಮಾಡಿಕೊಡುವುದು" ಎಂದು ನಗುವರು. ಮೂವರಿಗೂ ಕ್ರಮವಾಗಿ ಉತ್ತರ ಹೇಳತಕ್ಕದ್ದಿದೆ.

ಮೊದಲನೆಯವರ ಮಾತು ಶಾಸ್ತ್ರಕ್ಕೆ ವಿರುದ್ಧವಾದುದು. ಮಸೂರದ ಮುಂದಿನ ಜಗತ್ತಿನಲ್ಲಿ ಒಂದು ನಿಶ್ಚಿತವಾದ ದೂರದಲ್ಲಿರುವ ವಸ್ತು ಮಾತ್ರವೇ ಬಿಂದುವಿಗೆ ಬಿಂದುವಾಗಿ ಚಿತ್ರದಲ್ಲಿ ಬೀಳುವುದು. ಅದಕ್ಕಿಂತ ಹಿಂದೆ ಅಥವಾ ಮುಂದೆ ಇರುವ ಪ್ರತಿಯೊಂದು ಬಿಂದುವೂ ಒಂದು ಬಿಲ್ಲೆಯಾಗಿ ಹರಡುವುದು. ಮಸುಕೆಂದರೆ ಇಂಥ ಲಕ್ಷಾಂತರ ಬಿಲ್ಲೆಗಳು ಒಂದರ ಮೇಲೊಂದು ಬಿದ್ದುದರ ಮೊತ್ತವೇ ಹೊರತು ಬೇರೆಯಲ್ಲ. ಆದುದರಿಂದ ಒಂದು ಬಿಲ್ಲೆಯನ್ನು ಅರಿತರೆ ಇಡಿಯ ಮಸುಕನ್ನು ಅರಿತಂತಾಯಿತು. ಕತ್ತಲ ಹಿನ್ನೆಲೆಯಲ್ಲಿ ದೂರದ ದೀಪವೊಂದು ಈ ಬಿಲ್ಲೆಯನ್ನು ಬಿಡಿಯಾಗಿ ತೋರಿಸಿಕೊಡುವುದರಿಂದ, ಮಸೂರವನ್ನು ಪರೀಕ್ಷಿಸಲು ದೀಪಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ.

ಬಿಲ್ಲೆಗೆ ಮೂರು ಲಕ್ಷಣಗಳುಂಟು: ಆಕಾರ, ಗಾತ್ರ, ಒಳಗಿನ ಬೆಳಕಿನ ಹಂಚಿಕೆ. ಆಕಾರವು ಬೆಳಕು ಹಾಯುವ ದ್ವಾರದ ಆಕಾರವೇ. ದ್ವಾರವನ್ನು ಕಿರಿದುಮಾಡುವ ಲೋಹದ ಅಲಗುಗಳು ಐದಾದರೆ ದೀಪವು ಪಂಚಕೋಣವಾಗುವುದು, ಆರಾದರೆ ಷಟ್ಕೋಣವಾಗುವುದು. ಅಲಗುಗಳ ಸಂಖ್ಯೆಯನ್ನು ಹೆಚ್ಚಿಸಿ ಅಂಚನ್ನು ಬಾಗಿಸಿದರೆ ಹೆಚ್ಚುಕಡಮೆ ದುಂಡಗೆ ಉಳಿಯುವುದು. ಚಿತ್ರದ ಅಂಚಿನ ಕಡೆಗೆ ಓರೆಯಾಗಿ ಬರುವ ಕಿರಣಗಳನ್ನು ಮಸೂರದ ಕೊಳವೆಯೇ ಒಂದಿಷ್ಟು ತಡೆಯುವುದರಿಂದ, ಅಲ್ಲಿಯ ಬಿಲ್ಲೆಗಳು ಬೆಕ್ಕಿನ ಕಣ್ಣಿನಂತೆ ಕಿರಿದಾಗುವುವು. ಕನ್ನಡಿಯ ಮಸೂರಗಳಲ್ಲಿ ನಡುವೆ ಒಂದು ಸಣ್ಣ ಕನ್ನಡಿ ಅಡ್ಡವಾಗಿರುವುದರಿಂದ ದೀಪವು ಉದ್ದಿನ ವಡೆಯಂತೆ ನಡುವೆ ತೂತಾಗಿ ಕಾಣುವುದು. ಸಿನೆಮಾಸ್ಕೋಪಿನ ಮಸೂರಗಳು ದೃಶ್ಯವನ್ನು ಅಡ್ಡಗಲಕ್ಕೆ ಕುಗ್ಗಿಸಿ ಹಿಡಿಯುವುದರಿಂದ ಪರದೆಯ ಮೇಲೆ ಹಿಂದಿನ ದೀಪಗಳು ನೀಳವಾದ ಮೊಟ್ಟೆಯಾಕಾರವನ್ನು ತಾಳುವುವು. ಭಾರತದ ಮೊದಲನೆಯ ಸಿನೆಮಾಸ್ಕೋಪ್ ಚಿತ್ರವಾದ ೧೯೫೯ರ 'ಕಾಗಜ್ ಕೆ ಫೂಲ್' ಅನ್ನು ಕ್ಯಾಮರಾದಲ್ಲಿ ಹಿಡಿದವರು ಮೈಸೂರಿನವರೇ ಆದ ವಿ. ಕೆ. ಮೂರ್ತಿಯವರು. ಬೆಳಕನ್ನು ಬಲ್ಲ ಕನ್ನಡಿಗನೊಬ್ಬನ ಕೈಯಲ್ಲಿ ಆ ಮಸೂರವು ಮೊದಲು ಈ ದೇಶದಲ್ಲಿ ಪಳಗಿತೆಂಬುದನ್ನು ಮರೆತವರು ಮಸುಕೆಲ್ಲ ಒಂದೇ ಎಂದು ಹೇಳುತ್ತಿರುವುದು ವಿಚಿತ್ರ.

ಬೆಳಕಿನ ಹಂಚಿಕೆಯು ಇನ್ನೂ ಸೂಕ್ಷ್ಮವಾದುದು. ಚಿತ್ರದ ಸೌಮ್ಯತೆಯಾಗಲಿ ಕಾಠಿಣ್ಯವಾಗಲಿ ಹುಟ್ಟುವುದು ಬಹುಮಟ್ಟಿಗೆ ಇಲ್ಲಿಯೇ. ಗೋಳದ ತುಂಡಿನಂತೆ ಅರೆದ ಕಾಚದಲ್ಲಿ ಅಂಚಿನಿಂದ ಹಾಯುವ ಕಿರಣಗಳು ನಡುವಿನಿಂದ ಹಾಯುವ ಕಿರಣಗಳಿಗಿಂತ ಮೊದಲೇ ಕೂಡಿಬಿಡುವುವು. ಇದಕ್ಕೆ ಗೋಳೀಯ ವಿಪಥನವೆಂದು ಹೆಸರು. ಮಸೂರವನ್ನು ರಚಿಸುವವನು ಹಲವು ಕಾಚಗಳನ್ನು ಜೋಡಿಸಿ ಈ ದೋಷವನ್ನು ತಿದ್ದುವನು. ತಿದ್ದುಪಡಿಯನ್ನು ಸ್ವಲ್ಪ ಕಡಮೆಯಾಗಿ ನಿಲ್ಲಿಸಿದರೆ, ಹಿಂದಿನ ದೀಪದ ಬಿಲ್ಲೆಯು ನಡುವೆ ತುಂಬಿದ್ದು ಅಂಚಿಗೆ ಕರಗುವುದು, ಹಿನ್ನೆಲೆಯು ಮೃದುವಾಗುವುದು. ತಿದ್ದುಪಡಿಯು ಮಿತಿಮೀರಿದರೆ, ಬೆಳಕು ಅಂಚಿಗೆ ಸರಿದು ಬಿಲ್ಲೆಗೆ ಹೊಳೆಯುವ ಬಳೆಯೊಂದು ಕಟ್ಟಿಕೊಳ್ಳುವುದು. ಆಗ ಹಿಂದಿನ ಕೊಂಬೆಯೊಂದು ಎರಡು ಗೆರೆಯಾಗಿ ಒಡೆದು ಕಾಣುವುದು. ಮುಂದುಗಡೆಯ ಮಸುಕಿನಲ್ಲಿ ಈ ಫಲಗಳು ತಲೆಕೆಳಗಾಗುವುವು: ಹಿಂದೆ ಮೃದುವಾದ ಮಸೂರ ಮುಂದೆ ಒರಟಾಗುವುದು. ಒಂದೇ ಗಾತ್ರದ ಎರಡು ಬಿಲ್ಲೆಗಳಲ್ಲಿ ಒಂದು ಬೆಣ್ಣೆಯಂತೆಯೂ ಇನ್ನೊಂದು ಬಳೆಯ ಚೂರಿನಂತೆಯೂ ಇರುವುದಕ್ಕೆ ಕಾರಣ ಇದು. ಕಾಫಿ ತೋಟದ ನೆರಳಿನಲ್ಲಿ ವಧೂವರರನ್ನು ನಿಲ್ಲಿಸಿದ ಯಾವ ಛಾಯಾಗ್ರಾಹಕನೂ ಇದನ್ನು ಅನುಭವದಿಂದ ಬಲ್ಲನು. ಎಲೆಗಳ ಸಂದಿನಿಂದ ಇಣುಕುವ ಆಕಾಶದ ಸಾವಿರ ತೂತುಗಳೂ ಮೆಣಸಿನ ಬಳ್ಳಿಯ ಎಳೆಗಳೂ ಅಲ್ಲಿ ಹಿಂದೆ ಇರುವುವು. ಒಂದು ಮಸೂರದಲ್ಲಿ ಅವು ಹಸುರು ಜವಳಿಯಂತೆ ಹಿಂದೆ ಸರಿದು ನಿಲ್ಲುವುವು, ಮತ್ತೊಂದರಲ್ಲಿ ಜೇನುಗೂಡು ಕಲಕಿದಂತೆ ಮುಖದ ಸುತ್ತ ಗಲಿಬಿಲಿಯಾಗುವುವು.

ರಚಿಸುವವರಿಗೂ ಇದು ತಿಳಿಯದ ಸಂಗತಿಯಲ್ಲ. ೧೮೪೦ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಜ್‌ವಾಲನು ಮುಖಚಿತ್ರಗಳಿಗಾಗಿಯೇ ಲೆಕ್ಕ ಹಾಕಿ ರಚಿಸಿದ ಮಸೂರದಲ್ಲಿ ನಡುವಿನ ಮುಖ ಸ್ಪಷ್ಟವಾಗಿಯೂ ಅಂಚಿನ ಹಿನ್ನೆಲೆಯು ಸುಳಿಸುತ್ತಿದಂತೆಯೂ ಬೀಳುತ್ತಿದ್ದಿತು. ೧೮೬೬ರಲ್ಲಿ ಲಂಡನ್ನಿನ ಡಾಲ್‌ಮೇಯರನು ಮೃದುತ್ವವನ್ನು ಬೇಕಾದಷ್ಟು ಹೆಚ್ಚುಕಡಮೆ ಮಾಡಿಕೊಳ್ಳಬಹುದಾದ ಮುಖಚಿತ್ರದ ಮಸೂರಕ್ಕೆ ಹಕ್ಕುಪತ್ರ ಪಡೆದನು. ೧೯೯೦ರಲ್ಲಿ ನಿಕಾನ್ ಸಂಸ್ಥೆಯು ಒಂದು ಬಳೆಯನ್ನು ತಿರುಗಿಸಿ ಹಿಂದಿನ ಮಸುಕನ್ನೋ ಮುಂದಿನ ಮಸುಕನ್ನೋ ಮೆದುಮಾಡಿಕೊಳ್ಳಬಹುದಾದ ೧೩೫ ಮಿಲಿಮೀಟರಿನ ಮಸೂರವನ್ನು ಹೊರತಂದಿತು. ೨೦೧೪ರಲ್ಲಿ ಫ್ಯೂಜಿಫಿಲ್ಮ್ ಸಂಸ್ಥೆಯು ಒಳಗೆ ಅಂಚಿನ ಕಡೆಗೆ ಕ್ರಮವಾಗಿ ಕಪ್ಪಾಗುವ ಶೋಧಕವೊಂದನ್ನಿರಿಸಿ, ಬಿಲ್ಲೆಯ ಅಂಚು ಕರಗುವಂತೆ ಮಾಡಿತು; ಅದಕ್ಕಾಗಿ ಬೆಳಕಿನ ಒಂದಂಶವನ್ನೇ ಬಿಟ್ಟುಕೊಟ್ಟಿತು. ಈ ಗುಣಕ್ಕೆ ಜಪಾನಿನವರು ಇಟ್ಟ ಬೊಕೆ ಎಂಬ ಹೆಸರು ೧೯೯೭ರಲ್ಲಿ ಅಮೆರಿಕೆಯ ಛಾಯಾಗ್ರಹಣ ಪತ್ರಿಕೆಯೊಂದರ ಮೂಲಕ ಇಂಗ್ಲಿಷಿಗೆ ಬಂದು ಜಗತ್ತಿಗೆಲ್ಲ ಹರಡಿತು. ಹೆಸರು ಹೊಸದು, ವಿವೇಕ ಹಳೆಯದು. ಎಲ್ಲ ಮಸುಕೂ ಒಂದೇ ಆಗಿದ್ದ ಪಕ್ಷದಲ್ಲಿ ಇಷ್ಟು ಜನರು ಇಷ್ಟು ಕಾಲ ಇದಕ್ಕಾಗಿ ತಲೆ ಕೆಡಿಸಿಕೊಂಡುದೇಕೆ?

ಒಂದು ತಿದ್ದುಪಡಿ ಇನ್ನೊಂದು ದೋಷವನ್ನು ತರುವುದುಂಟು ಎಂಬುದನ್ನೂ ಮರೆಯಬಾರದು. ಈಚಿನ ಮಸೂರಗಳಲ್ಲಿ ಗೋಳಾಕಾರವಲ್ಲದ ಕಾಚಗಳನ್ನು ಅಚ್ಚಿನಲ್ಲಿ ಒತ್ತಿ ಮಾಡುವರು. ಇದರಿಂದ ತೀಕ್ಷ್ಣತೆ ಹೆಚ್ಚುವುದು, ತೂಕ ಕಡಮೆಯಾಗುವುದು. ಆದರೆ ಅಚ್ಚನ್ನು ಕಡೆದ ಉಪಕರಣದ ಅತಿಸೂಕ್ಷ್ಮವಾದ ಗೆರೆಗಳು ಕಾಚದ ಮೇಲೆ ಉಳಿದುಬಿಟ್ಟರೆ, ದೀಪದ ಬಿಲ್ಲೆಯನ್ನು ನೋಡಿದಾಗ ಈರುಳ್ಳಿಯನ್ನು ಅಡ್ಡಕ್ಕೆ ಕೊಯ್ದಂತೆ ಸುತ್ತುಸುತ್ತಾದ ಬಳೆಗಳು ಕಾಣುವುವು. ತೂಕುಬೊಳಕಿನ ಜ್ವಾಲೆಯು ಈರುಳ್ಳಿಯ ಹೋಳಾಗಿ ಕಂಡರೆ ಅದರ ಹೊಣೆ ದೀಪದ್ದಲ್ಲ. ಅತ್ತ ಜರ್ಮನಿಯ ಬಯೋಟಾರ್ ಎಂಬ ಮಸೂರವನ್ನನುಸರಿಸಿ ಸೋವಿಯತ್ ದೇಶದಲ್ಲಿ ವಿಪುಲವಾಗಿ ತಯಾರಾದ ಹೀಲಿಯೋಸ್ ಮಸೂರವನ್ನು, ಅದರ ಸುತ್ತುವ ಹಿನ್ನೆಲೆಗಾಗಿಯೇ ಇಂದು ಹುಡುಕಿ ಕೊಳ್ಳುವವರುಂಟು. ಒಂದು ಕಾಲದ ದೋಷ ಇನ್ನೊಂದು ಕಾಲದ ಗುಣವಾಗುವುದು ಕಲೆಯಲ್ಲಿ ಸಹಜ. ಆದರೆ ಯಾವುದನ್ನು ಯಾವ ಪ್ರಯೋಜನಕ್ಕಾಗಿ ಆರಿಸಬೇಕೆಂಬ ವಿವೇಕವು ಕೊಳ್ಳುವವನದಾಗಿರಬೇಕೇ ಹೊರತು ಅಂಗಡಿಯವನದಾಗಿರಬಾರದು.

ಇನ್ನು ಎರಡನೆಯ ಪಕ್ಷ. ಮಸುಕು ಹೆಚ್ಚಿದಷ್ಟೂ ಉತ್ತಮವೆನ್ನುವ ಇವರು ಬಿಲ್ಲೆಯ ಗಾತ್ರವೊಂದನ್ನೇ ಬಲ್ಲವರು. ಆ ಗಾತ್ರವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಮಸೂರದ ನಾಭಿದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ದ್ವಾರದ ಅಗಲ ಬರುವುದು. ಮದುವೆಗಳಲ್ಲಿ ಮುಖಚಿತ್ರಕ್ಕೆ ಬಳಸುವ ೮೫ ಮಿಲಿಮೀಟರಿನ ಮಸೂರವನ್ನು ಎಫ್ ೧.೪ಕ್ಕೆ ತೆರೆದರೆ ದ್ವಾರವು ಸುಮಾರು ೬೧ ಮಿಲಿಮೀಟರು. ವಧುವು ೨ ಮೀಟರು ದೂರದಲ್ಲಿ ಕುಳಿತಿರಲಿ. ಹರಸುವ ಹಿರಿಯರು ಆಕೆಯಿಂದ ೧ ಮೀಟರು ಹಿಂದೆ ನಿಂತಿರಲಿ. ಆಗ ಹಿರಿಯರ ಮುಖದ ಒಂದೊಂದು ಬಿಂದುವೂ ಆ ಮುಖದ ಮೇಲೆಯೇ ೩೦ ಮಿಲಿಮೀಟರು ಅಗಲದ ಬಿಲ್ಲೆಯಾಗಿ ಹರಡಿದಂತಾಗುವುದು. ಮನುಷ್ಯನ ಕಣ್ಣು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೆಚ್ಚುಕಡಮೆ ಅಷ್ಟೇ ಉದ್ದ. ಕಣ್ಣಿನ ಅಳತೆಯ ಕುಂಚದಿಂದ ಬಳಿದರೆ ಕಣ್ಣು ಕಣ್ಣಾಗಿ ಉಳಿಯುವುದೆಂತು? ಅದೇ ಮಸೂರವನ್ನು ಅದೇ ಸ್ಥಳದಿಂದ ಎಫ್ ೫.೬ಕ್ಕೆ ಕಿರಿದುಮಾಡಿದರೆ ಬಿಲ್ಲೆಯು ೮ ಮಿಲಿಮೀಟರಿಗೂ ಒಳಗಾಗುವುದು. ಹಿರಿಯರು ಆಗಲೂ ವಧುವಿಗಿಂತ ಮಸುಕಾಗಿಯೇ ಇರುವರು; ಆದರೆ ಇವರು ಇಂಥವರೆಂದು ಮೊಮ್ಮಗಳು ಗುರುತಿಸಬಲ್ಲಳು.

ಇಷ್ಟೇ ಅಲ್ಲ. ಮೇಲೆ ಹೇಳಿದಂತೆ ಎಫ್ ೧.೪ಕ್ಕೆ ತೆರೆದಾಗ, ಸ್ಪಷ್ಟವೆನಿಸುವ ಪ್ರದೇಶದ ಆಳ ಸುಮಾರು ನಾಲ್ಕೂವರೆ ಸೆಂಟಿಮೀಟರು ಮಾತ್ರ. ವಧುವಿನ ಕಣ್ಣು ತೀಕ್ಷ್ಣವಾಗಿದ್ದರೆ ಆಕೆಯ ಕಿವಿಯೇ ಜಾರತೊಡಗುವುದು. ಮುಂದೆ ಚಾಚಿದ ಕೈಯಾಗಲಿ, ಆ ಕೈಯಲ್ಲಿಟ್ಟ ಹರಳಾಗಲಿ, ಹಾಲಿನ ಕಿಂಡಿಯಾಗಲಿ ಕರಗಿಯೇ ಹೋಗುವುದು. ಎಫ್ ೫.೬ರಲ್ಲಿ ಆ ಆಳವು ಸುಮಾರು ೧೯ ಸೆಂಟಿಮೀಟರಿಗೆ ಏರುವುದು. ಒಂದು ಗೇಣಿನಷ್ಟು ಈ ಅಂತರದಲ್ಲಿಯೇ ಮದುವೆಯ ಕ್ರಿಯೆಯೆಲ್ಲ ಅಡಗಿದೆ ಎನ್ನಬಹುದು.

ಈ ಪಕ್ಷದವರಲ್ಲಿ ವಿವೇಕಿಗಳೂ ಇಲ್ಲದಿಲ್ಲ. "ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ರಾಶಿ, ತಂತಿಗಳ ಗೋಜಲು, ನೀರಿನ ಬಾಟಲುಗಳು, ಅವನ್ನೆಲ್ಲ ಮರೆಮಾಡದೆ ಚಿತ್ರವನ್ನು ಹೇಗೆ ತೆಗೆಯುವುದು? ಬೆಳಕೂ ಸಾಲದು, ದ್ವಾರವನ್ನು ತೆರೆಯಲೇಬೇಕಾಗುವುದು" ಎಂದು ಅವರು ಹೇಳುವರು. ಈ ಮಾತಿನಲ್ಲಿ ಸತ್ಯವಿದೆ. ಐನ್‌ಮನೆಯ ಒಳಗು ಕತ್ತಲೆಯದೆಂಬುದೂ, ಮಳೆಗಾಲದ ಮೋಡ ಕವಿದ ಹಗಲಿನಲ್ಲಿ ಕ್ಯಾಮರಾಕ್ಕೆ ಬೆಳಕಿನ ಬಡತನವೆಂಬುದೂ ನಿಜವೇ. ಆದರೆ ಇಂದಿನ ಕ್ಯಾಮರಾಗಳು ಹಳೆಯ ಫಿಲ್ಮಿಗಿಂತ ಬಹಳ ಕಡಮೆ ಬೆಳಕಿನಲ್ಲಿ ಕೆಲಸ ಮಾಡಬಲ್ಲವು. ಇಂದು ದ್ವಾರವನ್ನು ಪೂರ್ತಿಯಾಗಿ ತೆರೆಯುವುದು ಬಹಳ ಕಡೆ ಅಗತ್ಯದಿಂದಲ್ಲ, ಅಭ್ಯಾಸದಿಂದ. ಕುರ್ಚಿಯ ರಾಶಿಯನ್ನು ಮರೆಮಾಡುವುದಕ್ಕೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುವ ಉಪಾಯವೂ ಉಂಟು. ಕಸ ಗುಡಿಸಲು ಬಂದ ಪೊರಕೆಯು ಮನೆಯ ಹಿರಿಯರನ್ನೂ ಗುಡಿಸಿಕೊಂಡು ಹೋಗಬಾರದು.

ಅಲಂಕಾರಶಾಸ್ತ್ರದಲ್ಲಿ ಅಂಗಿ ಮತ್ತು ಅಂಗ ಎಂಬ ವಿಭಾಗವುಂಟು. ಕಾವ್ಯಕ್ಕೆ ಒಂದು ರಸ ಪ್ರಧಾನವಾಗಿದ್ದು, ಉಳಿದ ರಸಗಳು ಅದಕ್ಕೆ ಅಂಗವಾಗಿ ನಿಲ್ಲುವುವು. ಅಂಗವಾಗಿ ನಿಲ್ಲುವುದೆಂದರೆ ಇಲ್ಲವಾಗುವುದೆಂದಲ್ಲ. ತನ್ನ ರೂಪವನ್ನಿಟ್ಟುಕೊಂಡೇ ಪ್ರಧಾನವನ್ನು ಪೋಷಿಸುವುದೆಂದು. ಅಂಗಗಳನ್ನೆಲ್ಲ ಕತ್ತರಿಸಿದ ಮೇಲೆ ಅಂಗಿಯೆಂದು ಕರೆಸಿಕೊಳ್ಳುವುದಕ್ಕೆ ಏನುಳಿಯುವುದು? ಒಳ್ಳೆಯ ಮಸೂರದ ಮಿತವಾದ ಮಸುಕು ಹಿಂದಿನದನ್ನು ಅಂಗವಾಗಿಸುವುದು. ದುರಾಶೆಯ ಮಸುಕು ಅದನ್ನು ಕೊಲ್ಲುವುದು.

ಕಾಡಿನ ಚಿತ್ರಗಳನ್ನು ತೆಗೆದವರು ಈ ನ್ಯಾಯವನ್ನು ಚೆನ್ನಾಗಿ ಅರಿತಿದ್ದರು. ಸಂಡೂರಿನ ಎಂ. ವೈ. ಘೋರ್ಪಡೆಯವರು ೧೯೮೩ರಲ್ಲಿ ಪ್ರಕಟಿಸಿದ ವನ್ಯಜೀವಿ ಚಿತ್ರಗಳ ಗ್ರಂಥಕ್ಕೆ ಬಿಸಿಲು ಮತ್ತು ನೆರಳುಗಳೆಂಬ ಅರ್ಥದ ಹೆಸರನ್ನೇ ಇಟ್ಟರು. ಮೃಗವಿರುವುದು ಕಾಡಿನಲ್ಲಿ, ಕಾಡಿನ ಬಿಸಿಲನ್ನೂ ನೆರಳನ್ನೂ ಬಿಟ್ಟರೆ ಮೃಗಾಲಯದ ಚಿತ್ರಕ್ಕೂ ಕಾಡಿನ ಚಿತ್ರಕ್ಕೂ ಭೇದವೇನು? ಶ್ರೀಮಂಗಲಕ್ಕೆ ನೆರೆಯೇ ಆದ ನಾಗರಹೊಳೆಯ ಕಾಡಿನಲ್ಲಿ ೧೯೯೦ರ ದಶಕದಲ್ಲಿ ಡಾ. ಉಲ್ಲಾಸ ಕಾರಂತರು ಹುಲಿಗಳು ಓಡಾಡುವ ದಾರಿಗಳಲ್ಲಿ ಕ್ಯಾಮರಾಗಳನ್ನು ಕಟ್ಟಿ, ದೇಹದ ಪಟ್ಟೆಗಳ ವಿನ್ಯಾಸದಿಂದ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ ಎಣಿಕೆಯ ಕ್ರಮವನ್ನು ರೂಢಿಸಿದರು. ಅಲ್ಲಿ ಸೊಗಸಾದ ಮಸುಕಿನಿಂದ ಪ್ರಯೋಜನವಿಲ್ಲ. ಪಟ್ಟೆಗಳು ಸ್ಪಷ್ಟವಾಗಿ ಬೀಳಬೇಕು, ಏಕೆಂದರೆ ಪಟ್ಟೆಯೇ ಹುಲಿಯ ಹೆಸರು. ಇದು ಇದೇ, ಬೇರೆಯಲ್ಲ, ಎಂದು ಮುಂದೊಂದು ದಿನ ಹೇಳಲು ಬರುವಂತೆ ಚಿತ್ರವಿರಬೇಕೆಂಬ ಮರ್ಯಾದೆ ನಾಗರಹೊಳೆಯ ಹುಲಿಗೆ ಸಂದಿತು. ಅದು ಶ್ರೀಮಂಗಲದ ಹಿರಿಯರಿಗೆ ಸಲ್ಲಬಾರದೆ?

ಮೂರನೆಯ ಪಕ್ಷವೇ ಇಂದು ಎಲ್ಲಕ್ಕಿಂತ ಪ್ರಬಲವಾದುದು. ಏಕೆಂದರೆ ಅದು ಎಲ್ಲರ ಜೇಬಿನಲ್ಲಿಯೂ ಇದೆ. ಮೊಬೈಲಿನ ಮುಖ್ಯ ಮಸೂರದ ದ್ವಾರವು ಕೆಲವೇ ಮಿಲಿಮೀಟರುಗಳಷ್ಟು, ಹೆಚ್ಚುಕಡಮೆ ಒಂದು ಕಾಳುಮೆಣಸಿನಷ್ಟು. ಬಹುದೂರದ ದೀಪವೊಂದು ಮಸೂರದ ಮುಂದೆ ಕುಳಿತವರ ಸ್ಥಾನದಲ್ಲಿ ಅಳೆದರೆ ದ್ವಾರದ ಅಗಲದಷ್ಟೇ ಹರಡುವುದೆಂಬುದು ಜ್ಯಾಮಿತಿಯ ನಿಯಮ. ಆದುದರಿಂದ ೮೫ ಮಿಲಿಮೀಟರಿನ ದೊಡ್ಡ ಮಸೂರದಲ್ಲಿ ಮುಖದ ಎರಡು ಕಣ್ಣುಗಳ ನಡುವಿನ ಅಂತರದಷ್ಟು ಹರಡುವ ದೀಪ, ಮೊಬೈಲಿನಲ್ಲಿ ಒಂದು ಮೆಣಸಿನ ಕಾಳಿನಷ್ಟು ಮಾತ್ರವೇ ಹರಡುವುದು. ಈ ಬಡತನವನ್ನು ಮುಚ್ಚಲು ೨೦೧೬ರಲ್ಲಿ ಆಪಲ್ ಸಂಸ್ಥೆಯು ಎರಡು ಮಸೂರಗಳ ಐಫೋನ್ ೭ ಪ್ಲಸ್‌ನಲ್ಲಿಯ ನೋಟಭೇದದಿಂದ ದೂರವನ್ನು ಅಂದಾಜುಮಾಡಿ ಹಿಂದಿನದನ್ನು ಲೆಕ್ಕದಿಂದ ಮಸುಕುಮಾಡುವ ಕ್ರಮವನ್ನು ತಂದಿತು. ಮರುವರ್ಷ ಗೂಗಲ್ ಸಂಸ್ಥೆಯು ಪಿಕ್ಸೆಲ್ ೨ರಲ್ಲಿ ಒಂದೇ ಮಸೂರದಿಂದ ಅದನ್ನು ಸಾಧಿಸಿತು. ಬುದ್ಧಿಯ ದೃಷ್ಟಿಯಿಂದ ಇದು ಮೆಚ್ಚತಕ್ಕ ಸಾಧನೆಯೇ ಸರಿ.

ಆದರೆ ಪ್ರಮಾಣದ ದೃಷ್ಟಿಯಿಂದ ನೋಡಿದರೆ ಇಲ್ಲಿ ಜಾತ್ಯಂತರವೇ ಆಗಿಹೋಗಿದೆ. ಮಸೂರದ ಮಸುಕು ಎಷ್ಟೇ ಅಸ್ಪಷ್ಟವಾಗಿದ್ದರೂ ಪ್ರತ್ಯಕ್ಷ: ಆ ದೀಪದಿಂದಲೇ ಹೊರಟ ಬೆಳಕು, ಆ ಹಿರಿಯರ ಮುಖದಿಂದಲೇ ಹೊರಟ ಬೆಳಕು ಅಲ್ಲಿ ಹರಡಿ ಬಿದ್ದಿದೆ. ಮೊಬೈಲಿನ ಮಸುಕು ಅನುಮಾನ: ಇಲ್ಲಿ ವಸ್ತು ಮುಗಿಯಿತು, ಇಲ್ಲಿಂದ ಹಿಂದಿನದು ಆರಂಭವಾಯಿತು ಎಂದು ಯಂತ್ರವು ಊಹಿಸಿ ಬಳಿದ ಲೇಪ. ಅನುಮಾನಕ್ಕೆ ಹೇತು ಸರಿಯಾಗಿರಬೇಕು. ಬೆಟ್ಟದ ಮೇಲೆ ಮಂಜನ್ನು ಕಂಡು ಅದನ್ನೇ ಹೊಗೆಯೆಂದು ಬಗೆದು ಅಲ್ಲಿ ಬೆಂಕಿಯುಂಟೆಂದು ಸಾಧಿಸುವವನ ತಪ್ಪನ್ನು ತರ್ಕದ ವಿದ್ಯಾರ್ಥಿಗೆ ಮೊದಮೊದಲೇ ಕಲಿಸುವರು. ಬ್ರಹ್ಮಗಿರಿಯ ತಪ್ಪಲಿನಲ್ಲಿ ಬೆಳೆದ ಹುಡುಗನಿಗಂತೂ ಆ ಉದಾಹರಣೆಯನ್ನು ಪುಸ್ತಕದಿಂದ ತೋರಿಸಬೇಕಾಗಿಯೇ ಇಲ್ಲ. ಯಂತ್ರವು ದಿನಂಪ್ರತಿ ಮಾಡುವುದು ಇದೇ ತಪ್ಪನ್ನು. ಗಾಳಿಗೆ ಹಾರುವ ಕೂದಲನ್ನು ಹಿಂದಿನದೆಂದು ಬಗೆದು ಅಳಿಸುವುದು. ತೋಳಿಗೂ ಸೊಂಟಕ್ಕೂ ನಡುವೆ ಕಾಣುವ ಗೋಡೆಯನ್ನು ಮುಂದಿನದೆಂದು ಬಗೆದು ತೀಕ್ಷ್ಣವಾಗಿ ಬಿಡುವುದು. ಬೆನ್ನಿಗೆ ಸಿಕ್ಕಿಸಿದ ಒಡಿಕತ್ತಿಯ ತುದಿಯನ್ನು ಕತ್ತರಿಸುವುದು. ಪಾರಕವಾದ ಜ್ವಾಲೆಯ ಅಂಚಿನಲ್ಲಿ ದಿಕ್ಕುಗೆಡುವುದು. ಮಸೂರದ ಮಸುಕು ದೂರಕ್ಕೆ ತಕ್ಕಂತೆ ಮೆಲ್ಲಮೆಲ್ಲನೆ ಏರುವುದಾದರೆ, ಯಂತ್ರದ ಮಸುಕು ಎಷ್ಟೋ ವೇಳೆ ಕಾಗದದ ಗೊಂಬೆಯನ್ನು ಕತ್ತರಿಸಿ ಪರದೆಯ ಮುಂದೆ ಅಂಟಿಸಿದಂತೆ ಒಮ್ಮೆಗೇ ಬೀಳುವುದು. ಮುಂದೆ ಯಂತ್ರವು ಇನ್ನೂ ಜಾಣವಾಗಿ ಈ ತಪ್ಪುಗಳನ್ನೆಲ್ಲ ತಿದ್ದಿಕೊಳ್ಳಬಹುದು. ಆದರೂ ಆಕ್ಷೇಪದ ಮೂಲವು ಹೋಗುವುದಿಲ್ಲ. ಸುಳ್ಳು ಸಾಕ್ಷಿಯು ಚೆನ್ನಾಗಿ ಮಾತಾಡಲು ಕಲಿತ ಮಾತ್ರಕ್ಕೆ ನಿಜವಾದ ಸಾಕ್ಷಿಯಾಗುವುದಿಲ್ಲ.

ಇದರಿಂದ ಮೊಬೈಲನ್ನು ಎಸೆಯಬೇಕೆಂದು ಯಾರೂ ತಿಳಿಯಬಾರದು. ಚಿತ್ರ ತೆಗೆಯಿಸುವುದು ಸಿರಿವಂತರಿಗೆ ಮಾತ್ರವೇ ಸಾಧ್ಯವಾಗಿದ್ದ ಕಾಲವನ್ನು ಅದು ಕೊನೆಗಾಣಿಸಿತು. ತೋಟದ ಲೈನುಮನೆಯ ಕೂಲಿಯಾಳೂ ತನ್ನ ಮಗುವಿನ ಮೊದಲ ಹೆಜ್ಜೆಯನ್ನು ಹಿಡಿದಿಡುವಂತೆ ಮಾಡಿತು. ಆ ಉಪಕಾರವು ಸಣ್ಣದಲ್ಲ. ವಿಚಿತ್ರವೇನೆಂದರೆ, ಲೇಪವನ್ನು ಬಳಿಯದೆ ಇದ್ದ ಪಕ್ಷದಲ್ಲಿ ಈ ಸಾಕ್ಷಿಯ ಕಾರ್ಯಕ್ಕೆ ಮೊಬೈಲೇ ಅತ್ಯುತ್ತಮವಾದುದು. ಅದರ ಕಾಳುಮೆಣಸಿನಷ್ಟು ದ್ವಾರದಿಂದ ವಧುವೂ ಹಿರಿಯರೂ ದೀಪವೂ ಕಂಬದ ಕೆತ್ತನೆಯೂ ಒಟ್ಟಿಗೆ ತಿಳಿಯಾಗಿ ಬೀಳುವುವು. ಬಡತನವೆಂದು ನಾಚಿ ಮುಚ್ಚಿಕೊಂಡುದೇ ಅದರ ನಿಜವಾದ ಸಂಪತ್ತಾಗಿದ್ದಿತು.

ಹಾಗಾದರೆ ಮನೆಯವರು ಮಾಡತಕ್ಕುದೇನು? ಮಸೂರಶಾಸ್ತ್ರವನ್ನು ಕಲಿಯಬೇಕಾದುದಿಲ್ಲ. ಛಾಯಾಗ್ರಾಹಕನಿಗೆ ಮುಂಗಡ ಕೊಡುವ ದಿನವೇ ಮೂರು ಮಾತು ಹೇಳಿದರೆ ಸಾಕು. ಹರಸುವವರು ವಧೂವರರ ಹಿಂದೆ ನಿಂತಿರುವ ಚಿತ್ರಗಳಲ್ಲಿ ಅವರ ಮುಖ ಗುರುತು ಸಿಗುವಷ್ಟು ದ್ವಾರವನ್ನು ಕಿರಿದುಮಾಡಬೇಕು. ಎಫ್ ೪ರಿಂದ ಎಫ್ ೫.೬ರ ವರೆಗೆ ಎಂದರೆ ಅವನಿಗೆ ಅರ್ಥವಾಗುವುದು. ದೀಪವೂ ಹಿರಿಯರೂ ಕೂಡಿ ಕಾಣುವ ಒಂದು ಚಿತ್ರವನ್ನಾದರೂ, ಅದು ಸೊಗಸಾಗಿರಲಿ ಬಿಡಲಿ, ತೆಗೆದೇ ತೀರಬೇಕು. ಲೆಕ್ಕದ ಮಸುಕನ್ನು ಯಾವ ಚಿತ್ರಕ್ಕೂ ಹಚ್ಚಬಾರದು; ಮೊಬೈಲಿನಲ್ಲಿ ತೆಗೆದುದಾದರೆ ಲೇಪವಿಲ್ಲದ ಮೂಲವನ್ನು ಉಳಿಸಿಕೊಳ್ಳಬೇಕು; ಹಲವು ಮೊಬೈಲುಗಳಲ್ಲಿ ಆ ಅನುಕೂಲವಿದೆ. ಇಷ್ಟಾದ ಮೇಲೆ ಉಳಿದ ಚಿತ್ರಗಳಲ್ಲಿ ವಧುವಿನ ರೆಪ್ಪೆಗೂದಲನ್ನು ಎಷ್ಟು ಬೇಕಾದರೂ ಎಣಿಸಿಕೊಳ್ಳಲಿ. ಹಿಂದಿನ ದೀಪಗಳು ಬೆಣ್ಣೆಯಂತೆ ಕರಗಲಿ. ಅದು ಅಲಂಕಾರ, ಅಲಂಕಾರಕ್ಕೂ ಮದುವೆಯಲ್ಲಿ ಸ್ಥಾನವಿದೆ. ಚಿತ್ರ ಕೈಗೆ ಬಂದ ದಿನ ಕಾಣುವವರ ಹೆಸರನ್ನೆಲ್ಲ ಹಿಂಬದಿಯಲ್ಲಿ ಬರೆದಿಡುವುದು ಮನೆಯವರ ಕೆಲಸ. ಅದನ್ನು ಯಾವ ಮಸೂರವೂ ಮಾಡಿಕೊಡದು.

ಐನ್‌ಮನೆಯ ತೂಕುಬೊಳಕು ದೊಡ್ಡ ಬೆಳಕೇನೂ ಅಲ್ಲ. ಅದರ ಸುತ್ತ ನಿಂತವರ ಮುಖಗಳು ಅರ್ಧ ಬೆಳಕಿನಲ್ಲಿಯೂ ಅರ್ಧ ನೆರಳಿನಲ್ಲಿಯೂ ಇರುವುವು. ಆದರೂ ಆ ಬೆಳಕಿನಲ್ಲಿ ಯಾರೂ ಯಾರನ್ನೂ ಗುರುತಿಸದೆ ಇರಲಿಲ್ಲ. ಸಾವಿರಾರು ರೂಪಾಯಿಗಳ ಕಾಚವನ್ನು ಕೊರಳಿಗೆ ತೂಗಹಾಕಿಕೊಂಡು ಬಂದವನಿಂದ ಆ ದೀಪದಷ್ಟು ಮರ್ಯಾದೆಯನ್ನು ಅಪೇಕ್ಷಿಸುವುದು ಅತಿಯಾಸೆಯಾಗಲಾರದು.